ಮೂರು ತೂತಿನ ಚಾಕು

ಅಡುಗೆ ಬಾರದ ಗಂಡಸರಲ್ಲಿ ಎರಡು ಬಗೆ. ಅಡುಗೆಮನೆಯ ಕಡೆ ತಲೆ ಹಾಕಿಯೂ ಮಲಗದವರು ಮೊದಲನೆಯ ಬಗೆ. ಅವರು ಪುಣ್ಯವಂತರು. ಹೊತ್ತಿಗೆ ಸರಿಯಾಗಿ ತಟ್ಟೆಯ ಮುಂದೆ ಕೂತು, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಿ, ಕೈ ತೊಳೆದು ಎದ್ದುಹೋಗುತ್ತಾರೆ. ಎರಡನೆಯ ಬಗೆಯವರು ನನ್ನಂಥವರು. ಒಗ್ಗರಣೆಗೆ ಸಾಸಿವೆ ಮೊದಲೋ ಇಂಗು ಮೊದಲೋ ಎಂಬುದು ಇವತ್ತಿಗೂ ಗೊತ್ತಿಲ್ಲ, ಆದರೆ ಹೆಂಡತಿಯೊಬ್ಬಳೇ ಬೇಯುತ್ತಿದ್ದಾಳಲ್ಲ ಎಂಬ ಸಂಕೋಚ ಮಾತ್ರ ಬಿಡುವುದಿಲ್ಲ. ಆ ಸಂಕೋಚಕ್ಕೆ ಪರಿಹಾರವಾಗಿ ತರಕಾರಿ ಹೆಚ್ಚುವ ಕೆಲಸವನ್ನು ನಾನು ಮದುವೆಯಾದ ಹೊಸತರಲ್ಲೇ ಮೈಮೇಲೆ ಹಾಕಿಕೊಂಡೆ. ಇಪ್ಪತ್ತಾರು ವರ್ಷದಿಂದ ಹುರುಳಿಕಾಯಿ, ಹೀರೇಕಾಯಿ, ಈರುಳ್ಳಿಗಳ ಜೊತೆ ನನ್ನ ಒಡನಾಟ ಅಬಾಧಿತವಾಗಿ ನಡೆದುಬಂದಿದೆ. ಆಫೀಸಿನಲ್ಲಿ ಹೆಂಗಸರ ಕಷ್ಟದ ಮಾತು ಬಂದಾಗಲೆಲ್ಲ "ನಮ್ಮ ಮನೆಯಲ್ಲಿ ಅಡುಗೆ ಅರ್ಧ ನಂದೇ" ಎಂದು ಹೇಳಿಬಿಡುತ್ತೇನೆ. ಅದು ಹೆಂಡತಿ ಸುಮಿತ್ರಳ ಕಿವಿಗೆ ಇನ್ನೂ ಬಿದ್ದಿಲ್ಲ.

ಇಂಥ ಮನುಷ್ಯನಿಗೆ ಚಾಕುವಿನ ಮೇಲೆ ಒಂದು ವ್ಯಾಮೋಹ ಬೆಳೆಯುವುದು ಸಹಜ. ನನಗೂ ಬೆಳೆಯಿತು. ಅದರ ಜೊತೆಗೆ ಒಂದು ಜ್ಞಾನವೂ ಬಂತು. ಅದೇನೆಂದರೆ, ಚಾಕುವಿನ ಅಲಗು ಸಾಯುವುದಿಲ್ಲ, ಸಾಯುವುದು ಹಿಡಿ. ನಾನು ವಿಮಾ ಕಂಪನಿಯ ನೌಕರ. ವರ್ಗ ಮಾಡಿದ ಕಡೆಗೆಲ್ಲ ಪಾತ್ರೆ ಪಗಡಗಳನ್ನು ಕಟ್ಟಿಕೊಂಡು ಹೋಗುವವನು. ಹತ್ತು ವರ್ಷದ ಹಿಂದೆ ಗುಜರಾತಿಗೆ ಬಂದಾಗ ಮೊದಲು ಅಹಮದಾಬಾದ್. ಅಲ್ಲಿ ಹಳೇಪೇಟೆಯ ಅಂಗಡಿಯೊಂದರಲ್ಲಿ ಮರದ ಹಿಡಿಯ ಚಾಕು ಕೊಂಡೆ. ಸಿಂಕಿನಲ್ಲಿ ನೀರು ಕುಡಿದು ಉಬ್ಬುತ್ತ, ಆ ಊರಿನ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತ ಮೂರನೇ ವರ್ಷಕ್ಕೆ ಹಿಡಿ ಉದ್ದಕ್ಕೆ ಸೀಳಿತು. ಆಮೇಲೆ ವಡೋದರಾ. ಅಲ್ಲಿ ಕೊಂಡದ್ದು ಕೆಂಪು ಪ್ಲಾಸ್ಟಿಕ್ ಹಿಡಿ. ನಮ್ಮ ಡಿವಿಜನ್ನಿನ ದೊಡ್ಡ ಸಾಹೇಬರು ಊಟಕ್ಕೆ ಬಂದ ದಿನವೇ ಅದು ಒಲೆಯ ಪಕ್ಕದಲ್ಲಿ ಕೂತು ಕರಗಿ, ಮನೆತುಂಬ ಟೈರು ಸುಟ್ಟ ವಾಸನೆ ಎಬ್ಬಿಸಿತು. ಸೂರತ್ತಿಗೆ ಬಂದ ಮೇಲೆ, ಇನ್ನು ಚೌಕಾಶಿ ಬೇಡವೆಂದು, ರಬ್ಬರಿನ ಮೆತ್ತನೆಯ ಹಿಡಿಯ ಭಾರೀ ಬೆಲೆಯ ಚಾಕುವನ್ನೇ ತಂದೆ. ಈ ಊರಿನ ಮಳೆಗಾಲದ ಹಸಿ ಗಾಳಿಗೆ ಆ ರಬ್ಬರು ಬೆಲ್ಲದ ಪಾಕದ ಹಾಗೆ ಅಂಟತೊಡಗಿತು. ಈರುಳ್ಳಿ ಹೆಚ್ಚಿ ಮುಗಿದರೂ ಚಾಕು ನನ್ನ ಕೈ ಬಿಡುತ್ತಿರಲಿಲ್ಲ.

ಹೀಗೆ ಮೂರು ಊರುಗಳಲ್ಲಿ ಮೂರು ಹಿಡಿಗಳನ್ನು ಕಳೆದುಕೊಂಡವನು ಕಳೆದ ನವೆಂಬರಿನಲ್ಲಿ ಒಂದು ದಿನ ಅಹಮದಾಬಾದಿನ ಹಳೆಯ ಅಲಗನ್ನು ಪೇಪರಿನಲ್ಲಿ ಸುತ್ತಿಕೊಂಡು, ಹಿಡಿ ಹಾಕಿಕೊಡುವವರು ಯಾರಾದರೂ ಸಿಗುತ್ತಾರೆಯೇ ಎಂದು ಹೊರಟೆ. ಸೂರತ್ತಿನ ಅಡಾಜಣ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಪೇಪರು ಹರಿದು ಅಲಗು ಹೊರಗೆ ಇಣುಕಿತು. ಮೂರನೇ ಮಹಡಿಯಲ್ಲಿ ಹತ್ತಲು ಬಂದ ಹೆಂಗಸು ನನ್ನ ಮುಖ ನೋಡಿ, ಅಲಗು ನೋಡಿ, ಮೆಟ್ಟಿಲೇ ವಾಸಿ ಎಂದು ನಡೆದುಬಿಟ್ಟರು. ಲಿಫ್ಟಿನೊಳಗೆ ಇದ್ದವರು ನಮ್ಮ ಎದುರುಮನೆಯ ಕಿರೀಟ್‌ಭಾಯಿ ಒಬ್ಬರೇ. ಕತಾರ್‌ಗಾಮ್‌ನಲ್ಲಿ ಅವರದೊಂದು ಸಣ್ಣ ವರ್ಕ್‌ಶಾಪ್ ಇದೆ. ವಜ್ರ ಸಾಣೆ ಹಿಡಿಯುವ ಯಂತ್ರಗಳಿಗೆ ಬೇಕಾದ ಬಿಡಿಭಾಗಗಳನ್ನು ಮಾಡುತ್ತಾರೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸು ಬರುವ ಕಸುಬು ಅದು. ಅವರು ಪೇಪರು ಬಿಡಿಸಿ ಅಲಗನ್ನು ತಿರುಗಿಸಿ ನೋಡಿದರು. ನಮ್ಮಿಬ್ಬರ ನಡುವಿನ ಭಾಷೆ ಹಿಂದಿ. ಅವರದು ಗುಜರಾತಿ ಬೆರೆತ ಹಿಂದಿ, ನನ್ನದು ತುಮಕೂರು ಬೆರೆತ ಹಿಂದಿ. "ನಾಗರಾಜ್‌ಭಾಯಿ, ಪ್ರತಿಸಲವೂ ಕೈಕೊಡುವುದು ಹಿಡಿಯೇ ತಾನೆ? ಹಾಗಾದರೆ ಹಿಡಿಯನ್ನೇ ಹಾಕದಿದ್ದರೆ ಆಯಿತು" ಎಂದರು.

ಆ ಮಾತು ನನಗೆ ತಮಾಷೆಯಾಗಿ ಕಂಡಿತು, ಅವರು ತಮಾಷೆ ಮಾಡಿರಲಿಲ್ಲ. ಸಂಜೆ ನಮ್ಮ ಮನೆಗೆ ಬಂದು, "ಭಾಭಿ, ಚಪಾತಿ ಹಿಟ್ಟು ಕಲಸಿದ್ದೀರಾ?" ಎಂದು ಕೇಳಿದರು. ಊಟಕ್ಕೆ ಬಂದರೆಂದು ಸುಮಿತ್ರ ಸಂಭ್ರಮದಿಂದ ಹಿಟ್ಟಿನ ಪಾತ್ರೆ ತಂದಳು. ಅವರು ಅದರಲ್ಲಿ ಒಂದು ಉಂಡೆ ಕಿತ್ತು, ಉದ್ದಕ್ಕೆ ತೀಡಿ, ನನ್ನ ಕೈಗೆ ಕೊಟ್ಟು, ಚಾಕು ಹಿಡಿಯುವಂತೆ ಹಿಡಿಯಲು ಹೇಳಿದರು. ನಾನು ಹಿಡಿದೆ. ಬೆರಳಚ್ಚು ಮೂಡಿದ ಹಿಟ್ಟಿನ ಕಡ್ಡಿಯನ್ನು ತಟ್ಟೆಯಲ್ಲಿಟ್ಟುಕೊಂಡು, ದೇವರ ಪ್ರಸಾದ ಒಯ್ಯುವ ಎಚ್ಚರದಿಂದ ಅವರು ಎದುರುಮನೆಗೆ ನಡೆದರು. ಅವತ್ತು ನಮಗೆ ಒಂದು ಚಪಾತಿ ಕಡಿಮೆ.

ಹತ್ತು ದಿನದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಬಾಗಿಲ ಗಂಟೆ ಸದ್ದು ಮಾಡಿತು. ತೆಗೆದರೆ ಕಿರೀಟ್‌ಭಾಯಿ. ಎರಡೂ ಅಂಗೈಗಳ ಮೇಲೆ ಹೊಸ ಕರವಸ್ತ್ರ, ಕರವಸ್ತ್ರದ ಮೇಲೆ ಚಾಕು. ಮುಖದಲ್ಲಿ ಸ್ಕೂಲಿನ ಹುಡುಗ ಚಿತ್ರ ಬರೆದು ತಂದಾಗ ಇರುವಂಥ ನಾಚಿಕೆ. ಕೈ ಮುಂದೆ ಚಾಚಿದರು. ಇಲ್ಲಿ ನನ್ನ ತಾಯಿಯ ವಿಷಯ ಒಂದು ಮಾತು ಹೇಳಬೇಕು. ಚಾಕು, ಕತ್ತರಿ, ಉಪ್ಪು, ಮೆಣಸಿನಕಾಯಿ ಇವನ್ನು ಕೈಯಿಂದ ಕೈಗೆ ಕೊಡಬಾರದು, ತೆಗೆದುಕೊಳ್ಳಲೂಬಾರದು, ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಎಂದು ನಮ್ಮಮ್ಮ ಚಿಕ್ಕಂದಿನಿಂದ ನಮ್ಮ ತಲೆಗೆ ತುಂಬಿದ್ದಳು. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಬುದ್ಧಿ ಒಪ್ಪಲಿ ಬಿಡಲಿ, ಕೈ ಆ ಪಾಠವನ್ನು ಮರೆತಿಲ್ಲ. ಕಿರೀಟ್‌ಭಾಯಿ ಚಾಕು ಚಾಚಿದ ಕೂಡಲೇ ನನ್ನ ಎರಡು ಕೈಗಳೂ ತಾವಾಗಿಯೇ ಹಿಂದೆ ಸರಿದವು. "ಇಲ್ಲೇ ಇಡಿ, ಇಲ್ಲೇ ಇಡಿ" ಎಂದು ಹತ್ತಿರದಲ್ಲಿ ಯಾವುದಿತ್ತೋ ಅದನ್ನು ತೋರಿಸಿದೆ. ಹತ್ತಿರದಲ್ಲಿದ್ದದ್ದು ಚಪ್ಪಲಿ ಸ್ಟ್ಯಾಂಡು. ಅವರು ಒಂದು ಕ್ಷಣ ನನ್ನ ಖಾಲಿ ಕೈಗಳನ್ನು ನೋಡಿದರು. ಕರವಸ್ತ್ರ ಸಮೇತ ಚಾಕುವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟರು. ಚಹಾ ಕುಡಿದು ಹೋಗಿ ಎಂದರೆ ಕೆಲಸವಿದೆ ಎಂದರು. ಭಾನುವಾರ ಎಂಥ ಕೆಲಸವಪ್ಪಾ, ಪಾಪ, ದುಡಿಮೆಗಾರ ಮನುಷ್ಯ ಎಂದುಕೊಂಡು ನಾನು ಬಾಗಿಲು ಹಾಕಿಕೊಂಡೆ.

ಚಾಕುವನ್ನು ಎತ್ತಿ ಬೆಳಕಿಗೆ ಹಿಡಿದೆ. ನನ್ನ ಹಳೆಯ ಅಲಗಲ್ಲ, ಯಂತ್ರದ ಗರಗಸದ ಹಳೆಯ ಬ್ಲೇಡಿನಿಂದ ಕೊಯ್ದು, ತಿಕ್ಕಿ, ಸಾಣೆ ಹಿಡಿದು ಮಾಡಿದ ಒಂದೇ ತುಂಡು ಉಕ್ಕು. ಅಲಗು ಎಲ್ಲಿ ಮುಗಿಯಿತು, ಹಿಡಿ ಎಲ್ಲಿ ಶುರುವಾಯಿತು ಎಂಬುದೇ ಇಲ್ಲ. ಹಿಡಿಯ ಮೇಲೆ ಮರವಿಲ್ಲ, ಪ್ಲಾಸ್ಟಿಕ್ಕಿಲ್ಲ, ಒಂದು ಮೊಳೆಯೂ ಇಲ್ಲ. ಸಾಲದ್ದಕ್ಕೆ ಇದ್ದ ಉಕ್ಕಿನಲ್ಲೂ ಹುಣಿಸೆಬೀಜದ ಆಕಾರದ ಮೂರು ತೂತುಗಳನ್ನು ಕೊರೆದು ತೆಗೆದಿದ್ದರು. ಉಳಿದದ್ದು ಹಿಡಿಯ ಅಸ್ಥಿಪಂಜರ ಮಾತ್ರ. ಧಾರವಾಡದ ಕಡೆಯವಳಾದ ಸುಮಿತ್ರ ಕನ್ನಡಕ ಏರಿಸಿ ನೋಡಿದಳು. "ಅಯ್ಯ, ಇದೇನ್ರೀ ಇದು! ಬರೇ ಎಲುಬು ಅದ. ಪಾಪ, ಇದಕ್ಕ ಯಾರೂ ಊಟಾನ ಹಾಕಿಲ್ಲೇನು?" ಎಂದಳು. ವಡೋದರಾದಲ್ಲಿ ಓದುತ್ತಿರುವ ಮಗಳಿಗೆ ಫೋಟೋ ಕಳಿಸಿದೆ. ಅವಳ ಕನ್ನಡ ಗುಜರಾತಿ ಇಂಗ್ಲಿಷುಗಳ ನಡುವೆ ಸಿಕ್ಕಿಕೊಂಡು ಹೇಗೋ ಉಸಿರಾಡುತ್ತಿದೆ. "ಅಪ್ಪಾ, ಇದು ಪೂರಾ ಬಂದಿಲ್ಲ, ಹ್ಯಾಂಡಲ್ ಇನ್ನೂ ಲೋಡ್ ಆಗ್ತಾ ಇದೆ" ಎಂದು ಉತ್ತರ ಬಂತು.

ಆದರೆ ಅವತ್ತು ಮಧ್ಯಾಹ್ನ ಒಂದು ಎಲೆಕೋಸನ್ನು ಅದರ ಮುಂದೆ ಇಟ್ಟೆನಲ್ಲ, ನನ್ನ ಬಾಯಿ ಕಟ್ಟಿಹೋಯಿತು. ಹಿಡಿಯ ಭಾರವನ್ನು ತೆಗೆದುಬಿಟ್ಟಿದ್ದರಿಂದ ಚಾಕುವಿನ ತೂಕವೆಲ್ಲ ಮುಂದೆ, ಅಲಗಿನಲ್ಲಿ ಬಂದು ಕೂತಿದೆ. ಒತ್ತಬೇಕಾಗಿಯೇ ಇಲ್ಲ, ತಾಗಿದರೆ ಸಾಕು, ಇಳಿಯುತ್ತದೆ. ಮಾಡಬೇಕಾದ ಕೆಲಸ ಎಲ್ಲಿದೆಯೋ ಅಲ್ಲಿ ಮೈಭಾರ, ಮಿಕ್ಕ ಕಡೆ ಖಾಲಿ. ನಮ್ಮ ಆಫೀಸುಗಳಲ್ಲಿ ಇದು ಸರಿಯಾಗಿ ತಿರುಗುಮುರುಗು. ಇನ್ನು ಶುಚಿತ್ವದ ಮಾತು. ಮರದ ಹಿಡಿಗೂ ಅಲಗಿಗೂ ನಡುವೆ ಒಂದು ಸಂದು ಇರುತ್ತದೆ. ಆ ಸಂದಿನಲ್ಲಿ ಏನೇನಿದೆ ಎಂದು ಯೋಚಿಸುವ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ. ಅಹಮದಾಬಾದಿನ ಹಿಡಿ ಸೀಳಿದಾಗ ಒಳಗಿಂದ ಉದುರಿದ್ದನ್ನು ನೋಡಿ ಸುಮಿತ್ರ ಎರಡು ದಿನ ಹಣ್ಣು ತಿಂದುಕೊಂಡಿದ್ದಳು. ಈ ಚಾಕುವಿನಲ್ಲಿ ಸಂದಿಲ್ಲ. ಇರುವುದೆಲ್ಲ ಕಣ್ಣೆದುರಿಗೇ ಇದೆ. ನೀರು ಹಿಡಿದು ಒರೆಸಿದರೆ ಮುಗಿಯಿತು. ತೂತಿರುವುದರಿಂದ ಗೋಡೆಯ ಮೊಳೆಗೆ ಹಾಕಿದರೆ ಮಾತಿಲ್ಲದೆ ನೇತಾಡಿಕೊಂಡಿರುತ್ತದೆ. ಸಡಿಲವಾಗುವುದಿಲ್ಲ, ಉಬ್ಬುವುದಿಲ್ಲ, ಕರಗುವುದಿಲ್ಲ, ಅಂಟುವುದಿಲ್ಲ. ಸಡಿಲವಾಗಲು ಅಲ್ಲಿ ಇರುವುದಾದರೂ ಏನು? ಇಷ್ಟು ವರ್ಷ ಬೇಕು ಬೇಕು ಎಂದು ಹಿಡಿಯ ಮೇಲೆ ಹಿಡಿ ಕೊಂಡೆನಲ್ಲ, ಬೇಡದ್ದನ್ನು ತೆಗೆದುಹಾಕುವುದೂ ಒಂದು ವಿದ್ಯೆ ಎಂದು ಹೇಳಿಕೊಡಲು ಎದುರುಮನೆಯ ಮನುಷ್ಯ ಬೇಕಾಯಿತು. ನಾನು ಆ ಚಾಕುವನ್ನು ನಿಜಕ್ಕೂ ಪ್ರೀತಿಸಿದೆ. ಊಟಕ್ಕೆ ಬೇಕಿರಲಿ ಬೇಡದಿರಲಿ, ದಿನಾ ಒಂದು ಸೌತೆಕಾಯಿಯಾದರೂ ಹೆಚ್ಚುತ್ತಿದ್ದೆ.

ದೋಷಗಳನ್ನು ಮುಚ್ಚಿಟ್ಟರೆ ಈ ಹೊಗಳಿಕೆಗೆ ಬೆಲೆಯಿಲ್ಲ, ಅದಕ್ಕೇ ಹೇಳುತ್ತೇನೆ. ಸೂರತ್ತಿನಲ್ಲಿ ಚಳಿ ಎನ್ನುವುದು ಹೆಸರಿಗೆ ಮಾತ್ರ. ಆ ಹೆಸರಿನ ಚಳಿಯಲ್ಲೂ ಬೆಳಿಗ್ಗೆ ಆರೂವರೆಗೆ ಆ ಬರೀ ಉಕ್ಕನ್ನು ಹಿಡಿದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. ಕೊತ್ತಂಬರಿ ಸೊಪ್ಪು, ಈರುಳ್ಳಿ ಸಿಪ್ಪೆ ಎಲ್ಲವೂ ಬಂದು ಆ ತೂತುಗಳಲ್ಲೇ ಸಿಕ್ಕಿಕೊಳ್ಳುತ್ತವೆ. ನಿಂಬೆಹಣ್ಣು ಕೊಯ್ದು ಒರೆಸುವುದು ಮರೆತರೆ ಕಪ್ಪಗೆ ಮುಖ ಊದಿಸಿಕೊಳ್ಳುತ್ತದೆ. ಕೈಯಲ್ಲಿ ಎಣ್ಣೆ ಇದ್ದರೆ ಮೀನಿನ ಹಾಗೆ ಜಾರುತ್ತದೆ. ಎಲ್ಲಕ್ಕಿಂತ ದೊಡ್ಡ ದೋಷ ಅಂಗೈಗೆ ಸೇರಿದ್ದು. ಅರ್ಧ ಗಂಟೆ ಹೆಚ್ಚಿದರೆ ಹಿಡಿಯ ಅಂಚು ಒತ್ತಿ ಒತ್ತಿ, ಅಂಗೈಯ ಮೇಲೆ ಮೂರು ಹುಣಿಸೆಬೀಜಗಳ ಮುದ್ರೆ ಕೆಂಪಗೆ ಮೂಡಿ ಮಧ್ಯಾಹ್ನದವರೆಗೆ ಹಾಗೇ ಇರುತ್ತದೆ. ಆಫೀಸಿನಲ್ಲಿ ಒಬ್ಬರು ಅದನ್ನು ನೋಡಿ ಯಾವ ಮಠದ್ದು ಎಂದು ಭಕ್ತಿಯಿಂದ ಕೇಳಿದರು. ಕೊನೆಗೆ ಒಂದು ಹಳೇ ಪಂಚೆಯ ಅಂಚನ್ನು ಹರಿದು ಹಿಡಿಗೆ ಸುತ್ತಿದೆ.

ಈ ನಡುವೆ ಎದುರುಮನೆಯಲ್ಲಿ ಏನೋ ಬದಲಾಗಿತ್ತು. ಪ್ರತಿವರ್ಷ ಡಿಸೆಂಬರಿನಲ್ಲಿ ಪೊಂಕ್ ಬರುತ್ತದೆ. ಪೊಂಕ್ ಎಂದರೆ ಎಳೆಯ ಜೋಳದ ಕಾಳನ್ನು ಸುಟ್ಟು ಬಿಡಿಸಿದ್ದು, ಸುಮಿತ್ರಳ ಊರಿನಲ್ಲಿ ಅದೇ ಸೀತನಿ. ಸೂರತ್ತಿಗೆ ಬಂದ ಮೊದಲ ವರ್ಷ ಕಿರೀಟ್‌ಭಾಯಿಯ ಹೆಂಡತಿ ಹಂಸಾಬೆನ್ ಒಂದು ಬಟ್ಟಲು ಪೊಂಕ್ ತಂದು ಕೊಟ್ಟಾಗ ಸುಮಿತ್ರ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಅತ್ತೇಬಿಟ್ಟಿದ್ದಳು. ಅಂದಿನಿಂದ ಆ ಬಟ್ಟಲು ತಪ್ಪಿರಲಿಲ್ಲ. ಈ ವರ್ಷ ಬರಲಿಲ್ಲ. ಲಿಫ್ಟಿನಲ್ಲಿ ನಾನು "ಕೇಮ್ ಛೋ" ಎಂದು ಕ್ಷೇಮ ಕೇಳಿದರೆ ಕಿರೀಟ್‌ಭಾಯಿ ತಲೆಯಾಡಿಸಿ ಮಹಡಿಯ ನಂಬರು ಬದಲಾಗುವುದನ್ನು ನೋಡುತ್ತಿದ್ದರು. ವರ್ಗವಾಗಿ ಊರೂರು ಅಲೆಯುವವರಿಗೆ ಎದುರುಮನೆ ಎಂದರೆ ಏನು ಎಂಬುದು ಸ್ವಂತ ಊರಿನಲ್ಲಿ ಇರುವವರಿಗೆ ಗೊತ್ತಾಗುವುದಿಲ್ಲ. ಎರಡು ವರ್ಷದ ಹಿಂದೆ ಜೋರು ಮಳೆಯಲ್ಲಿ ಸುಮಿತ್ರಳಿಗೆ ಹೊಟ್ಟೆನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ದವರು ಇದೇ ಕಿರೀಟ್‌ಭಾಯಿ. ನಾನು ಆಫೀಸಿನ ಕೆಲಸದ ಮೇಲೆ ಅಹಮದಾಬಾದಿನಲ್ಲಿದ್ದೆ. ನಮ್ಮ ಮನೆಯ ಇನ್ನೊಂದು ಬೀಗದಕೈ ಅವರ ಮನೆಯಲ್ಲೇ ಇರುತ್ತಿತ್ತು. ಅಂಥ ಮನುಷ್ಯ ಮಾತು ಬಿಟ್ಟರೆ ಅನ್ನ ಇಳಿಯುವುದಿಲ್ಲ. ನನಗೆ ಇಳಿಯುತ್ತಿರಲಿಲ್ಲ.

ಕಾರಣವನ್ನು ನಾನೇ ಪತ್ತೆಹಚ್ಚಿದೆ. ನಮ್ಮ ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಅವರ ಬಾಲ್ಕನಿ ಎದುರು. ನಾನು ಪಂಚೆಯ ಅಂಚು ಸುತ್ತಿದ ಚಾಕುವನ್ನು ಅಲ್ಲಿ ತೊಳೆಯುವುದನ್ನು ಅವರು ನೋಡಿಯೇ ಇರಬೇಕು. ಅಷ್ಟು ಕಷ್ಟಪಟ್ಟು ಬರಿದು ಮಾಡಿದ ಹಿಡಿಗೆ ಚಿಂದಿ ಸುತ್ತಿದರೆ ಯಾವ ಕಸುಬುಗಾರನಿಗೆ ನೋವಾಗುವುದಿಲ್ಲ? ಕೂಡಲೇ ಚಿಂದಿ ಬಿಚ್ಚಿ ಎಸೆದೆ. ಬಿಚ್ಚಿದ್ದು ಅವರಿಗೆ ಗೊತ್ತಾಗಬೇಡವೇ? ಮರುದಿನ ಬೆಳಿಗ್ಗೆ ಅವರು ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಿದ್ದಾಗ ನಾನು ನಮ್ಮ ಬಾಲ್ಕನಿಗೆ ಹೋಗಿ, ಚಾಕುವನ್ನು ತಲೆಯ ಮೇಲೆ ಎತ್ತಿ, ಬರೀ ಹಿಡಿ ಕಾಣುವ ಹಾಗೆ ಅವರತ್ತ ನಾಲ್ಕು ಸಲ ಜೋರಾಗಿ ಆಡಿಸಿದೆ. ಜೊತೆಗೆ ನಕ್ಕೆ ಕೂಡ. ಕಿರೀಟ್‌ಭಾಯಿ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಒಳಗೆ ಹೋಗಿ ಬಾಗಿಲು ಹಾಕಿದರು. ಚಿಲಕ ಬಿದ್ದ ಸದ್ದು ನನಗೆ ಕೇಳಿಸಿತು.

ಉತ್ತರಾಯಣ, ಅಂದರೆ ಇಲ್ಲಿಯ ಸಂಕ್ರಾಂತಿ, ಬಂತು. ಅವತ್ತು ಈ ನಾಡಿನಲ್ಲಿ ಯಾರೂ ನೆಲದ ಮೇಲೆ ಇರುವುದಿಲ್ಲ, ಎಲ್ಲರೂ ಮಾಳಿಗೆಯ ಮೇಲೆ, ಗಾಳಿಪಟದ ಕೆಳಗೆ. ಗಾಳಿಪಟ ಹಾರಿಸುವವರು ಕಿರೀಟ್‌ಭಾಯಿ, ಹಿಂದೆ ನಿಂತು ದಾರದ ಉರುಳೆ, ಇಲ್ಲಿಯವರ ಫಿರ್ಕಿ, ಹಿಡಿಯುವವನು ನಾನು. ಮೂರು ವರ್ಷದಿಂದ ಅದೇ ವ್ಯವಸ್ಥೆ. ಈ ಸಲ ನಾನು ಟೋಪಿ ಹಾಕಿಕೊಂಡು ಮೇಲೆ ಹೋಗುವಷ್ಟರಲ್ಲಿ ಫಿರ್ಕಿ ಏಳನೇ ಮಹಡಿಯ ಮನೆಗೆ ಬಂದಿದ್ದ ಭಾವನೆಂಟರೊಬ್ಬರ ಕೈಯಲ್ಲಿತ್ತು. ನಾನು ನೀರಿನ ಟ್ಯಾಂಕಿಗೆ ಒರಗಿಕೊಂಡು ಆಕಾಶ ನೋಡಿ, ಕುತ್ತಿಗೆ ನೋಯಿಸಿಕೊಂಡು ಕೆಳಗಿಳಿದೆ. ಮರುದಿನ ಹಂಸಾಬೆನ್ ಬಂದು ಸುಮಿತ್ರಳ ಕೈಯಲ್ಲಿ ನಮ್ಮ ಬೀಗದಕೈ ಇಟ್ಟು, "ಸುಮಿತ್ರಾಬೆನ್, ಇದು ನಿಮ್ಮ ಹತ್ತಿರವೇ ಇರಲಿ" ಎಂದು ಹೇಳಿ, ನಿಲ್ಲದೆ ಹೋದರು.

ಸುಮಿತ್ರ ಬೀಗದಕೈಯನ್ನು ಮೇಜಿನ ಮೇಲೆ ಇಟ್ಟು ನನ್ನೆದುರು ಕೂತಳು. "ಏನು ಮಾಡೀರಿ ನೀವು? ಖರೇ ಹೇಳ್ರಿ."

"ನಾನೇನೂ ಮಾಡ್ಲಿಲ್ಲ ಕಣೆ. ಚಾಕು ತೋರ್ಸಿದೆ ಅಷ್ಟೆ."

"ಯಾರಿಗೆ?"

"ಕಿರೀಟ್‌ಭಾಯಿಗೆ. ಬಾಲ್ಕನಿಯಿಂದ."

ಸುಮಿತ್ರ ಕಣ್ಣು ಮುಚ್ಚಿ ತೆಗೆದಳು. "ಅದಕ್ಕೂ ಮೊದಲ ಮಾತು ಬಿಟ್ಟಿದ್ರಲ್ಲ ಅವರು. ಚಾಕು ತಂದು ಕೊಟ್ಟ ದಿನದಿಂದ. ಅವತ್ತ ಹೆಂಗ ತೊಗೊಂಡ್ರಿ? ಎದ್ದು ನಿಂತು ಮಾಡಿ ತೋರಿಸ್ರಿ."

ನಾನು ಎದ್ದು ನಿಂತು ಮಾಡಿ ತೋರಿಸಿದೆ. ಕೈಗಳು ಹಿಂದೆ ಸರಿದದ್ದು, ಇಲ್ಲೇ ಇಡಿ ಎಂದದ್ದು, ಚಪ್ಪಲಿ ಸ್ಟ್ಯಾಂಡು. ಸುಮಿತ್ರ ಹಣೆ ಹಣೆ ಬಡಿದುಕೊಂಡಳು. "ಅಲ್ರೀ, ಅವರು ತಮ್ಮ ಕೈಯಾರೆ ಮಾಡಿ ತಂದಾರ. ನೀವು ಕೈಯಾಗ ಸುದ್ದಾ ಮುಟ್ಟಲಿಲ್ಲ. ಚಪ್ಪಲಿ ಮ್ಯಾಲ ಇಡಿಸೀರಿ. ಆಮ್ಯಾಲೆ ಅದನ್ನ ಹಿಡದು ಅವರಿಗೇ ಹೆದರಿಸೀರಿ. ಇನ್ನೇನು ಉಳೀತು?"

ಅದು ಗುರುವಾರ. ಭಾನುವಾರ ನಮ್ಮ ಕನ್ನಡ ಮನೆಗಳ ಸಂಕ್ರಾಂತಿ ಕೂಟ. ಉತ್ತರಾಯಣದ ದಿನ ಊರೇ ಮಾಳಿಗೆಯಲ್ಲಿರುವುದರಿಂದ ನಾವು ಎಳ್ಳು ಬೀರುವುದನ್ನು ಅದರ ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ. ಮೂವತ್ತು ಮನೆಗಳಿಗೆ ಈ ಸಲದ ಎಳ್ಳುಬೆಲ್ಲ ನಮ್ಮ ಪಾಲಿಗೆ ಬಂದಿತ್ತು. ಸುಮಿತ್ರಳ ಕಡೆ ಕುಸುರೆಳ್ಳು, ಕೊಬ್ಬರಿಯನ್ನೂ ಬೆಲ್ಲವನ್ನೂ ಚೂರು ಚೂರು ಮಾಡುವ ಈ ತಪಸ್ಸು ನಮ್ಮ ಕಡೆಯದು. ಆದ್ದರಿಂದ ಕತ್ತರಿಸುವ ಕೆಲಸ ಪೂರ್ತಿ ನಿಮ್ಮದೇ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಶನಿವಾರ ಮಧ್ಯಾಹ್ನ ಕೊಬ್ಬರಿ ಬಟ್ಟಲುಗಳನ್ನು ಒಂದು ಬುಟ್ಟಿಗೆ ತುಂಬಿಕೊಂಡು, ಚಾಕು ತೆಗೆದುಕೊಂಡು ನಾನು ಎದುರುಮನೆಗೆ ಹೊರಟೆ. "ಚಾಕು ಕೈಯಾಗ ಹಿಡ್ಕೊಂಡು ಬಾಗಲಾ ಬಡೀಬ್ಯಾಡ್ರಿ, ಪೊಲೀಸರನ್ನ ಕರದಾರು. ಬುಟ್ಟ್ಯಾಗ ಇಡ್ರಿ" ಎಂದು ಅವಳು ಹಿಂದಿನಿಂದ ಕೂಗಿ, ತಾನೂ ಬಂದಳು.

ಬಾಗಿಲು ತೆಗೆದ ಕಿರೀಟ್‌ಭಾಯಿ, ಸಿಟ್ಟಿದ್ದರೂ ಮನೆಗೆ ಬಂದವರನ್ನು ಹೊರಗೆ ನಿಲ್ಲಿಸದ ಜನ, "ಆವೋ" ಎಂದರು. ನಾನು ಕೂರದೆ, ನಿಂತಲ್ಲೇ, ನನಗೆ ಬರುವ ಹಿಂದಿಯಲ್ಲೆಲ್ಲ ಹೇಳಿಕೊಂಡೆ. ನಮ್ಮಮ್ಮ, ಉಪ್ಪು, ಮೆಣಸಿನಕಾಯಿ, ಕತ್ತರಿ. ನಿಮ್ಮ ಜೊತೆ ಜಗಳವಾಗಬಾರದು ಎಂದೇ ನಾನು ಕೈ ಹಿಂದೆ ತೆಗೆದದ್ದು, ಬೇರೆ ಯಾವ ಅರ್ಥವೂ ಇರಲಿಲ್ಲ. ಕಿರೀಟ್‌ಭಾಯಿ ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಯಂತ್ರದ ಎಣ್ಣೆಯ ಕಪ್ಪು. "ನಾಗರಾಜ್‌ಭಾಯಿ, ಅವತ್ತು ನಾನು ಎರಡು ಸಲ ಸೋಪು ಹಾಕಿ ಕೈ ತೊಳೆದು ಬಂದಿದ್ದೆ. ಆಫೀಸಿನ ಮನುಷ್ಯ, ಇಂಥ ಕೈಯಿಂದ ತೆಗೆದುಕೊಳ್ಳಲು ಮನಸ್ಸಾಗಲಿಲ್ಲವೇನೋ ಎಂದುಕೊಂಡೆ" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಐದನೇ ಮಹಡಿಯಾದ್ದರಿಂದ ಅದಕ್ಕೂ ಅವಕಾಶವಿರಲಿಲ್ಲ. ಕಣ್ಣು ತುಂಬಿಬಂತು, ಅದನ್ನು ಮುಚ್ಚಿಡುವುದರಲ್ಲಿ ಏನಿದೆ?

ಆಮೇಲೆ ಅವರ ಮುಖದಲ್ಲಿ ನಿಧಾನವಾಗಿ ಏನೋ ಹೊಳೆಯಿತು. "ಒಂದು ನಿಮಿಷ. ಕೈಯಲ್ಲಿ ತೆಗೆದುಕೊಂಡಿದ್ದರೆ ಜಗಳವಾಗುತ್ತಿತ್ತು, ಅಲ್ಲವೇ?"

"ಹೌದು."

"ತೆಗೆದುಕೊಳ್ಳಲಿಲ್ಲ. ಒಂದೂವರೆ ತಿಂಗಳು ಮಾತಿಲ್ಲ. ಇದಕ್ಕಿಂತ ದೊಡ್ಡ ಜಗಳ ಇನ್ನು ಎಲ್ಲಿಂದ ತರುತ್ತೀರಿ?" ಎಂದು ನಗತೊಡಗಿದವರು ಸೋಫಾದ ಮೇಲೆ ಕೂತುಬಿಟ್ಟರು. ಹಂಸಾಬೆನ್ ಅಡುಗೆಮನೆಯಿಂದ ಓಡಿಬಂದರು. ಬಾಲ್ಕನಿಯ ಪ್ರಸಂಗವನ್ನು ಸುಮಿತ್ರ ವಿವರಿಸಿದ ಮೇಲೆ ಅವರೂ ಕೂತರು. ಕಿರೀಟ್‌ಭಾಯಿ ಬುಟ್ಟಿಯಿಂದ ಚಾಕು ತೆಗೆದು, ಎರಡೂ ಅಂಗೈಗಳ ಮೇಲಿಟ್ಟು ನನ್ನ ಮುಂದೆ ಚಾಚಿದರು. ನಮ್ಮಮ್ಮನ ನೆನಪಾಗಿ ಕೈ ಒಂದು ಕ್ಷಣ ತಡೆಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ಎರಡು ಕೈಯಲ್ಲೂ ತೆಗೆದುಕೊಂಡೆ. ಬೀಗದಕೈಯನ್ನು ಸುಮಿತ್ರ ಯಾವಾಗ ಸೆರಗಿನಿಂದ ಬಿಚ್ಚಿ ಹಂಸಾಬೆನ್‌ಗೆ ಕೊಟ್ಟಳೋ ನಾನು ನೋಡಲಿಲ್ಲ. ನೋಡಿದಾಗ ಅದು ಅವರ ಮನೆಯ ಮೊಳೆಯಲ್ಲಿತ್ತು.

ಚಹಾ ಕುಡಿದು ಅಲ್ಲೇ ನೆಲದ ಮೇಲೆ ಪೇಪರು ಹಾಸಿಕೊಂಡು ಕೊಬ್ಬರಿ ಕತ್ತರಿಸಲು ಕೂತೆ. ಕಿರೀಟ್‌ಭಾಯಿ ಪಕ್ಕದಲ್ಲಿ ಕೂತು, ತಮ್ಮ ಚಾಕು ಕೆಲಸ ಮಾಡುವುದನ್ನು ಮೊದಲ ಸಲ ನೋಡತೊಡಗಿದರು. ಒಂದು ಬಟ್ಟಲು ಮುಗಿಯಿತು. ಎರಡನೆಯದು ಮುಗಿಯುವಷ್ಟರಲ್ಲಿ ನಾನು ಮಾತಿನ ಭರದಲ್ಲಿ ಚಾಕುವಿನ ದೋಷಗಳನ್ನೂ ಹೇಳಿ, ಅಂಗೈಯ ಮುದ್ರೆಗಳನ್ನು ತೋರಿಸಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು. "ನಾಗರಾಜ್‌ಭಾಯಿ, ತಪ್ಪು ತಿಳಿಯಬೇಡಿ. ನೀವು ಚಾಕು ಆಡಿಸುತ್ತಲೇ ಇಲ್ಲ. ಚಾಕುವನ್ನು ಬಿಗಿಯಾಗಿ ಹಿಡಿದು ನಿಲ್ಲಿಸಿ, ಕೊಬ್ಬರಿಯನ್ನು ಆಡಿಸುತ್ತಿದ್ದೀರಿ. ನಿಮ್ಮ ಕಡೆ ಎಲ್ಲರೂ ಹೀಗೆಯೇ ಮಾಡುತ್ತಾರೆಯೇ?"

ನಾನು ಕೆಳಗೆ ನೋಡಿದೆ. ನಿಜ. ಬಾಲ್ಯದಲ್ಲಿ ನಮ್ಮಮ್ಮನ ಪಕ್ಕ ಕೂತು ಈಳಿಗೆಮಣೆಯ ಮೇಲೆ ಹೆಚ್ಚಲು ಕಲಿತವನು ನಾನು. ಈಳಿಗೆ ಅಲ್ಲಾಡುವುದಿಲ್ಲ, ಕಾಲಲ್ಲಿ ಮೆಟ್ಟಿ ಹಿಡಿದಿರುತ್ತೇವೆ, ಬದನೇಕಾಯಿಯೇ ಅದರ ಹತ್ತಿರ ಹೋಗಬೇಕು. ಇಪ್ಪತ್ತಾರು ವರ್ಷದಿಂದ ನಾನು ಒಂದಾದ ಮೇಲೊಂದು ಚಾಕುವಿನ ಕುತ್ತಿಗೆ ಹಿಚುಕಿ ಹಿಡಿದು, ಅದನ್ನು ಈಳಿಗೆ ಮಾಡಿಕೊಂಡು ಬದುಕಿದ್ದೆ. ಚಪಾತಿ ಹಿಟ್ಟನ್ನೂ ಹಾಗೆಯೇ ಹಿಚುಕಿ ಕೊಟ್ಟಿದ್ದೆ. ಕಿರೀಟ್‌ಭಾಯಿ ಚಾಕುವನ್ನು ತೆಗೆದುಕೊಂಡು, ಎರಡು ಬೆರಳು ಒಂದು ಹೆಬ್ಬೆರಳಿನಲ್ಲಿ ಹಿಡಿದೂ ಹಿಡಿಯದ ಹಾಗೆ ಹಿಡಿದು, "ಇಷ್ಟು ಸಾಕು. ಅದು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು. ಕೊಬ್ಬರಿ ಎಳೆ ಎಳೆಯಾಗಿ, ಅಳತೆ ಹಿಡಿದು ಕೊಯ್ದ ಹಾಗೆ ಬೀಳತೊಡಗಿತು. ಅಂಗೈಯಲ್ಲಿ ಒಂದು ಗೀರೂ ಇಲ್ಲ. ನಾನೂ ಹಾಗೆ ಹಿಡಿಯಲು ನೋಡಿದೆ. ಮೂರು ಸಲವೂ ಕೊಬ್ಬರಿ ಹಾರಿ ಹೋಗಿ ಸೋಫಾದ ಕೆಳಗೆ ಸೇರಿತು. ಕೊನೆಗೆ ಬುಟ್ಟಿಯಲ್ಲಿದ್ದ ಅಷ್ಟನ್ನೂ ಅವರೇ ಕತ್ತರಿಸಿದರು. ನನಗೆ ಸಿಕ್ಕಿದ್ದು ಬಟ್ಟಲು ಎತ್ತಿಕೊಡುವ ಕೆಲಸ.

ಭಾನುವಾರದ ಕೂಟದಲ್ಲಿ ಎಳ್ಳುಬೆಲ್ಲದ ಮಾತೇ ಮಾತು. ಕೊಬ್ಬರಿಯ ಚೂರುಗಳನ್ನು ಅಂಗೈಯಲ್ಲಿ ಹರಡಿಕೊಂಡು ಹೆಂಗಸರು ಒಬ್ಬರಿಗೊಬ್ಬರು ತೋರಿಸಿದರು. ನನ್ನ ಎರಡು ಬಟ್ಟಲಿನ ತುಂಡುಗಳು ಅವುಗಳ ನಡುವೆ ಎಲ್ಲೂ ಕಾಣಲಿಲ್ಲ. ಅವು ಬೆಳಿಗ್ಗೆಯೇ ಚಟ್ನಿಪುಡಿಯಾಗಿದ್ದವು ಎಂದು ಆಮೇಲೆ ತಿಳಿಯಿತು. "ಯಾರು ಹೆಚ್ಚಿದ್ದು?" ಎಂದು ಯಾರೋ ಕೇಳಿದರು. "ನಮ್ಮ ಮನ್ಯಾಗ ಹೆಚ್ಚೋರು ಯಾವಾಗಲೂ ಇವರೇ" ಎಂದಳು ಸುಮಿತ್ರ, ನನ್ನ ಕಡೆ ನೋಡದೆ. ರೈಲ್ವೆಯಲ್ಲಿರುವ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸ್ವಾಮಿ, ಅದ್ಯಾವ ಚಾಕು? ನಮಗೂ ಒಂದು ಮಾಡಿಸಿಕೊಡಿ" ಎಂದರು. ನಾನು ಅದರ ಗುಣಗಳನ್ನೆಲ್ಲ ಬಾಯಿತುಂಬ ಹೇಳಿದೆ. ದೋಷವೇನಾದರೂ ಉಂಟೋ ಎಂದು ಅವರು ಕೇಳಿದರು. ಒಂದೇ ಒಂದು, ಎಲ್ಲರ ಕೈಗೂ ಅದು ಒಗ್ಗುವುದಿಲ್ಲ ಎಂದೆ. ಯಾರ ಕೈಗೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.